ನಾಲ್ಕು ಕಾಳು ಎಡಕ್ಕೆ

ಒಂದೇ ಒಂದು ಮಾತು ಹೇಳಬೇಕಾಗಿತ್ತು, ನಾನು ಹೇಳಲಿಲ್ಲ. 'ತಡಿ' ಅನ್ನಬೇಕಾಗಿತ್ತು. ಅಕ್ಕ ನೆಲದ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ರೈಫಲ್ಲಿಗೆ ಒತ್ತಿ, ಉಸಿರು ಹಿಡಿದು ನನ್ನ ಮಾತಿಗೆ ಕಾಯುತ್ತಿದ್ದಳು. ನಾನು 'ಹೊಡಿ' ಅಂದೆ. ಅವಳು ಹೊಡೆದಳು. ಆಮೇಲೆ 'ಯಾಕ ಹಿಂಗಾತು' ಎಂದು ಕೇಳಿದಾಗಲಾದರೂ ನಿಜ ಹೇಳಬಹುದಾಗಿತ್ತು. ಅದನ್ನೂ ಹೇಳದೆ ಎಂಟು ವರ್ಷ ಅವಳ ಮನೆಯಲ್ಲಿ ಊಟ ಮಾಡಿದೆ.

ಇದನ್ನು ಬರೆಯುತ್ತಿರುವುದು ಕೂಡ ನನ್ನ ದೊಡ್ಡತನದಿಂದಲ್ಲ. ಅಕ್ಕ ಕೊಟ್ಟ ಶಿಕ್ಷೆ. "ನಾಕು ಮಂದಿ ಓದೂ ಹಂಗ ನಿನ್ನ ಕೈಲೇನ ಬರಿ" ಅಂದಳು. ಏಳನೇ ಇಯತ್ತೆಯಲ್ಲಿ ಎರಡು ಸಲ ನಪಾಸಾಗಿ ಶಾಲೆ ಬಿಟ್ಟವನು ನಾನು. ಕಾಗುಣಿತವನ್ನು ಅವಳೇ ತಿದ್ದಿದ್ದಾಳೆ. ನನ್ನನ್ನು ತಿದ್ದುವ ಆಸೆ ಬಿಟ್ಟು ಬಹಳ ವರ್ಷವಾಯಿತು.

ಕಳೆದ ತಿಂಗಳು ಆರ್ಥರ್ ಫೋನ್ ಮಾಡಿದರು. ಆರ್ಥರ್ ಅಂದರೆ ಅಕ್ಕ ಹೋಗುತ್ತಿದ್ದ ಶೂಟಿಂಗ್ ಕ್ಲಬ್ಬಿನ ಹಿರಿಯರು. ನಲವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತರಾದವರು. ಕ್ಲಬ್ಬಿನ ಮರದ ಶೆಡ್ಡನ್ನು ಕೆಡವುತ್ತಿದ್ದಾರಂತೆ. "ನಿನ್ನ ಅಕ್ಕನ ದುರ್ಬೀನು ಇಲ್ಲೇ ಉಳಿದಿದೆ, ಇಬ್ಬರೂ ಬಂದು ತಗೊಂಡು ಹೋಗಿ" ಅಂದರು. ಅಕ್ಕ ಬರುವುದಿಲ್ಲ ಅಂದಳು. ಭಾವ ಅವಳ ಕೋಟು ತಂದು ಕೈಗೆ ಕೊಟ್ಟು, ಕಾರಿನ ಬಾಗಿಲು ತೆಗೆದು ನಿಂತರು.

ಶೆಡ್ಡಿನಲ್ಲಿ ಆರ್ಥರ್ ಚರ್ಮದ ಚೀಲವನ್ನು ನನಗೆ ಕೊಟ್ಟರು. ಅಕ್ಕ ಹೊರಗೇ ನಿಂತಿದ್ದಳು. ಚೀಲದ ಬಾಯಿ ಬಿಚ್ಚಿದೆ. ಬಂದೂಕಿನ ಎಣ್ಣೆಯ ವಾಸನೆ, ಹಳೆ ಚರ್ಮದ ವಾಸನೆ, ಅವೆರಡರ ಅಡಿಯಲ್ಲಿ, ಎಂಟು ವರ್ಷವಾದರೂ, ಸಣ್ಣಗೆ ಬೆಳ್ಳುಳ್ಳಿ. ಕಣ್ಣಿಡುವ ಕಡೆಯ ರಬ್ಬರಿನ ಬಳೆಯ ಸುತ್ತ ಒಣಗಿದ ಕಂದು ಕಲೆ.

ಆರ್ಥರ್ ದನಿ ತಗ್ಗಿಸಿದರು. "ಒರೆಸೋಕೆ ಮನಸ್ಸು ಬರಲಿಲ್ಲ. ಅವತ್ತು ನೀನು ಅತ್ತದ್ದು ನೋಡಿ, ಕಣ್ಣಿಂದ ರಕ್ತವೇ ಬಂದಿರಬೇಕು ಅಂದುಕೊಂಡೆ."

ಅದು ರಕ್ತವಲ್ಲ. ರಂಜಕ. ಹಸಿ ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ಅರೆಯುವ ನಮ್ಮ ಕಡೆಯ ಚಟ್ನಿ. ರೊಟ್ಟಿಗೆ ಹಚ್ಚಿಕೊಳ್ಳುವುದು. ಕಣ್ಣಿಗಲ್ಲ.

ತೊಂಬತ್ತೊಂಬತ್ತರ ಬೇಸಿಗೆ ಅದು. ನಾನು ಇಂಗ್ಲೆಂಡಿನ ಫೆಲ್ಥಮ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲೇ, ವಿಮಾನಗಳಿಗೆ ಊಟದ ಟ್ರೇ ತುಂಬುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಟೂಟಿಂಗ್‌ನ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ದೋಸೆ ಹಾಕಿದ್ದೆ. ಜೋಳದ ರೊಟ್ಟಿ ತಿಂದು ಬೆಳೆದವನು ದೋಸೆ ಹಾಕಿದರೆ ಹೇಗಿರಬೇಕೋ ಹಾಗೇ ಇತ್ತು. ಆ ವರ್ಷ ಕೆಲಸದ ಕಡೆ ಎಲ್ಲರ ಬಾಯಲ್ಲಿ ಒಂದೇ ಮಾತು: ಡಿಸೆಂಬರ್ ಮುಗಿದು ಎರಡು ಸಾವಿರದ ಇಸವಿ, ಹೊಸ ಸಾವಿರ, ಶುರುವಾದ ಕೂಡಲೇ ಕಂಪ್ಯೂಟರುಗಳು ಕೆಟ್ಟು ವಿಮಾನಗಳು ಬೀಳುತ್ತವೆ. ನನಗೆ ಆ ಚಿಂತೆ ಇರಲಿಲ್ಲ. ವಿಮಾನಕ್ಕೂ ಕಂಪ್ಯೂಟರಿಗೂ ಸಂಬಂಧ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಗಮನಿಸಿದ್ದು ಒಂದೇ, ಅವು ಗಾಳಿಗೆ ಎದೆ ಕೊಟ್ಟು ಇಳಿಯುತ್ತವೆ. ಗಾಳಿ ತಿರುಗಿತೆಂದರೆ ಅವೂ ತಿರುಗುತ್ತವೆ. ಅಡುಗೆಮನೆಯ ಹಿಂಬಾಗಿಲಲ್ಲಿ ಟೀ ಕುಡಿಯುತ್ತ ನಾನು ಅದನ್ನೇ ನೋಡುತ್ತಿದ್ದೆ.

ಅಕ್ಕ ಗಿರಿಜಾ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ನರ್ಸ್. ಸರ್ಜನ್ ಕೈ ಚಾಚಿದರೆ ಸಾಕು, ಬಾಯಿ ತೆಗೆಯುವ ಮೊದಲೇ ಬೇಕಾದ ಕತ್ತರಿ ಅಂಗೈಯಲ್ಲಿರುತ್ತಿತ್ತಂತೆ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದವಳು, ಇಲ್ಲಿ ನಲವತ್ತರ ಹೊತ್ತಿಗೆ ಮತ್ತೆ ಹಿಡಿದಿದ್ದಳು. ಭಾವ ಮೈಸೂರಿನವರು, ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ, ಪಟಾಕಿ ಸದ್ದಿಗೂ ಬೆಚ್ಚುವ ಮನುಷ್ಯ. ಶನಿವಾರ ಸಂಜೆ ನಾವು ಮನೆಗೆ ಬಂದರೆ, "ಏನಪ್ಪಾ ಬಸವರಾಜು, ಇವತ್ತು ಎಷ್ಟು ಜನ ಇಂಗ್ಲಿಷರನ್ನ ಉರುಳಿಸಿದ್ರಿ? ಚೆನ್ನಮ್ಮನ ನಾಡಿನವರಪ್ಪಾ ನೀವು" ಅನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಹೀಗೆ. ಜೋಡಿಗಳ ಸ್ಪರ್ಧೆ ಅಂತ ಒಂದಿರುತ್ತದೆ. ಒಬ್ಬರು ಹೊಡೆಯುವುದು, ಇನ್ನೊಬ್ಬರು ಪಕ್ಕದಲ್ಲಿ ದುರ್ಬೀನು ಇಟ್ಟುಕೊಂಡು ಗಾಳಿ ನೋಡಿ ಹೇಳುವುದು. ಅಕ್ಕನಿಗೆ ಗಾಳಿ ಹೇಳುತ್ತಿದ್ದ ಹೆಂಗಸು ಕೆಲಸ ಮುಗಿಸಿ ಸ್ಪೇನಿಗೆ ಹೋಗಿಬಿಟ್ಟಳು. "ಕಣ್ಣೂ ಬುದ್ಧಿಯೂ ಇರೋ ಯಾರಾದರೂ ಸಾಕು, ಮಿಕ್ಕದ್ದು ನಾನು ಕಲಿಸುತ್ತೇನೆ" ಅಂದರಂತೆ ಆರ್ಥರ್. ಅಕ್ಕ ನನಗೆ ಫೋನ್ ಮಾಡಿದಳು. "ಶನಿವಾರ ಬಾರಲೇ. ಅವರು ಕೇಳಿದ್ರಾಗ ಅರ್ಧಾ ಐತಿ ನಿನ್ನ ಕಡೆ."

ಊರಿನ ಅಂಚಿನಲ್ಲಿ, ಬಸ್ಸುಗಳೂ ಬೇಸತ್ತು ಹಿಂದಿರುಗುವ ಜಾಗದ ಆಚೆ ಇತ್ತು ಆ ಬಯಲು. ಆರುನೂರು ಗಜ ದೂರದಲ್ಲಿ ಗುರಿಹಲಗೆಗಳು. ನಡುವಿನ ಕರಿ ಬೊಟ್ಟು ಎರಡು ರೊಟ್ಟಿ ಅಗಲ ಇರುತ್ತದಂತೆ. ಮಲಗಿದಲ್ಲಿಂದ ಸಾಸಿವೆಯಷ್ಟು ಕಾಣುತ್ತಿತ್ತು. ಬೊಟ್ಟಿಗೆ ಬಿದ್ದರೆ ಐದು, ಅದರ ಸುತ್ತಿನ ಬಳೆಗೆ ನಾಲ್ಕು, ಅದರಾಚೆ ಮೂರು. ದಾರಿಯುದ್ದಕ್ಕೂ ಕಂಬಗಳ ಮೇಲೆ ಉದ್ದನೆಯ ಕೆಂಪು ಹಳದಿ ಬಾವುಟಗಳು.

"ಎಡಗಡೆಯಿಂದ ಗಾಳಿ ಬೀಸಿದರೆ ಗುಂಡು ಬಲಕ್ಕೆ ಸರಿಯುತ್ತದೆ" ಎಂದು ಆರ್ಥರ್ ಪಾಠ ಶುರು ಮಾಡಿದರು. "ಅದಕ್ಕೆ ಎಷ್ಟು ಸರಿಯುತ್ತದೋ ಅಷ್ಟು ಮೊದಲೇ ಎಡಕ್ಕೆ ತಿರುಗಿಸಿಕೊಳ್ಳಬೇಕು."

ನಾನು ನಕ್ಕುಬಿಟ್ಟೆ.

"ಯಾಕ ನಗಾಕತ್ತಿ?" ಅಕ್ಕ ಕೇಳಿದಳು.

"ಅಲ್ಲಬೇ ಅಕ್ಕಾ, ಕಣದಾಗ ಜ್ವಾಳ ತೂರಿದಾಗ ಏನಾಗತೈತಿ? ಹೊಟ್ಟು ಹಾರತೈತಿ, ಕಾಳು ಕಾಲಾಗ ಬೀಳತೈತಿ. ಜ್ವಾಳದ ಕಾಳs ಗಾಳಿಗೆ ಹಾರೂದಿಲ್ಲ, ಸೀಸದ ಗುಂಡು ಹಾರತೈತೇನು? ಮುದುಕಗ ಹೇಳು."

ಆರ್ಥರ್ ಅಕ್ಕನ ಮುಖ ನೋಡಿದರು. ಅಕ್ಕ ಇಂಗ್ಲಿಷಿನಲ್ಲಿ, "ನನ್ನ ತಮ್ಮನಿಗೆ ಗುಂಡಿಗಿಂತ ಜೋಳದ ಮೇಲೆ ನಂಬಿಕೆ ಜಾಸ್ತಿ" ಅಂದಳು.

ಆ ಮುದುಕ ಸಿಟ್ಟಾಗಲಿಲ್ಲ. ರೈಫಲ್ಲಿನ ಗುರಿಯನ್ನು ಎಡಬಲ ಸರಿಸುವ ತಿರುಪನ್ನು ಸೊನ್ನೆಗಿಟ್ಟು, ಎಡಗಾಳಿ ಜೋರಾಗಿದ್ದಾಗಲೇ ಹೊಡೆ ಎಂದು ಅಕ್ಕನಿಗೆ ಹೇಳಿದರು. ಅವಳು ಬೊಟ್ಟಿನ ನಟ್ಟನಡುವಿಗೆ ಗುರಿಯಿಟ್ಟು ಹೊಡೆದಳು. ಹಲಗೆ, ಅದರಡಿಯ ಹಳ್ಳದಲ್ಲಿ ಕೂತವರ ಕೈಗೆ ಇಳಿದು, ಗುಂಡು ಬಿದ್ದಲ್ಲಿ ಬಿಲ್ಲೆ ಸಿಕ್ಕಿಸಿಕೊಂಡು ಮೇಲೆ ಬಂತು. ಬಿಲ್ಲೆ ಬೊಟ್ಟಿನಿಂದ ಬಲಕ್ಕೆ, ಎರಡಡಿ ಆಚೆ. ಅವತ್ತಿನಿಂದ ಸೀಸದ ಮೇಲೆ ನನಗಿದ್ದ ಗೌರವ ಹೋಯಿತು. ಹೊಟ್ಟಿನ ಜಾತಿಯದು ಅದು.

ಆರ್ಥರ್ ಅಂಚೆಯವರಾದ್ದರಿಂದ ಅವರಿಗೆ ಲೋಕವೆಲ್ಲ ನಾಯಿಯ ಲೆಕ್ಕ. "ಗಾಳಿ ನಾಯಿ ಇದ್ದಹಾಗೆ. ಬೊಗಳೋದು ಕೇಳಬೇಡ, ಬಾಲ ನೋಡು" ಎಂದು ಬಾವುಟ ತೋರಿಸುತ್ತಿದ್ದರು. ಬಾಲ ಎಷ್ಟು ಮೇಲೆದ್ದಿದೆಯೋ ಗಾಳಿ ಅಷ್ಟು ಗಟ್ಟಿ. ಇದು ನನಗೆ ಬೇಗ ಹತ್ತಿತು. ಆದರೆ ಬಾವುಟ ಸೋಮಾರಿ, ಗಾಳಿ ಬಿದ್ದಮೇಲೂ ಸ್ವಲ್ಪ ಹೊತ್ತು ಆಡುತ್ತದೆ, ನಿಜ ತಿಳಿಯಬೇಕಾದರೆ ದುರ್ಬೀನಿನಲ್ಲಿ ನೋಡು ಅಂದರು. ಏನು ನೋಡಬೇಕೋ ಅದನ್ನು ಇಂಗ್ಲಿಷಿನಲ್ಲಿ ಕಾಲು ಗಂಟೆ ವಿವರಿಸಿದರು. ನಾನು ತಲೆಯಾಡಿಸಿದೆ. ಏನೂ ತಿಳಿದಿರಲಿಲ್ಲ.

ಅಕ್ಕ ಮಲಗಿದಲ್ಲಿಂದಲೇ ಅಂದಳು, "ಬಿಸಿಲುಗುದುರಿ, ಬಸ್ಯಾ."

ಅಷ್ಟೇ ಸಾಕಾಯಿತು. ದುರ್ಬೀನಿನೊಳಗೆ, ನೆಲದಿಂದೆದ್ದ ಬಿಸಿಲಿನ ಝಳ ಹಲಗೆಯ ಮುಂದೆ ನೀರಿನ ಹಾಗೆ ಹರಿಯುತ್ತಿತ್ತು. ಕುದುರೆ ಬಲಕ್ಕೆ ಓಡಿದರೆ ಎಡಗಾಳಿ. ಎಡಕ್ಕೆ ಓಡಿದರೆ ಬಲಗಾಳಿ. ಎತ್ತಲೂ ಓಡದೆ ನಿಂತಲ್ಲೇ ಮೇಲಕ್ಕೆ ಜಿಗಿಯತೊಡಗಿದರೆ ಗಾಳಿ ಸತ್ತಿದೆ, ಈಗ ಹೊಡೆಯಬಾರದು, ತಡಿ ಅನ್ನಬೇಕು.

ತಡಿ ಅನ್ನುವುದು ನನಗೆ ಹೊಸದಲ್ಲ. ಕಣದಲ್ಲಿ ಮೆಟ್ಟು ಎಂಬ ಎತ್ತರದ ಮಣೆಯ ಮೇಲೆ ನಿಂತು ತೂರುವವನ ಅರ್ಧ ಕೆಲಸವೇ ಅದು. ಬುಟ್ಟಿ ತಲೆಯ ಮೇಲೆತ್ತಿ ಗಾಳಿಗೆ ಕಾಯಬೇಕು. ಅಪ್ಪ, "ಗಾಳಿ ಬರೂ ಮುಂದ ಒಂದ್ ಉಸರ್ ಬಿಡತೈತಿ, ಅದನ್ನ ಕೇಳಲೇ" ಅನ್ನುತ್ತಿದ್ದ. 'ಗಾಳಿ ಬಂದಾಗ ತೂರಿಕೊ' ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯಲು ಬಾರದೆ ನಪಾಸಾದವನು ನಾನು. ತೂರಲು ಮಾತ್ರ ಬರುತ್ತಿತ್ತು. ಇಂಗ್ಲೆಂಡಿನ ಗಾಳಿಯೂ ಬರುವ ಮುಂಚೆ ಉಸಿರು ಬಿಡುತ್ತಿತ್ತು. ಜೂನ್ ಮುಗಿಯುವ ಹೊತ್ತಿಗೆ ಆರ್ಥರ್ ನನ್ನನ್ನು ನೋಡಿ ಟೋಪಿ ಎತ್ತತೊಡಗಿದರು. ಒಂದು ಶನಿವಾರ ನಾನು ಕೆಲಸದಿಂದಲೇ ಕ್ಲಬ್ಬಿಗೆ ಫೋನ್ ಮಾಡಿ, "ಅಕ್ಕಾ, ವಿಮಾನ ತಿರುಗಿದುವು. ಮಧ್ಯಾಹ್ನ ಬಲಗಾಳಿ" ಅಂದಿದ್ದೆ. ಹಾಗೇ ಆಯಿತು. ಆರ್ಥರ್ ಅದನ್ನು ಮಂತ್ರವಿದ್ಯೆ ಅಂದುಕೊಂಡರು. ನಾನು ತಿದ್ದಲು ಹೋಗಲಿಲ್ಲ.

ರೈಫಲ್ಲಿನ ತಿರುಪಿನ ಮೇಲೆ ಗೀಟುಗಳಿರುತ್ತವೆ. ಒಂದು ಗೀಟು ತಿರುಗಿಸಿದರೆ ಅಲ್ಲಿ ಗುಂಡು ಆರಿಂಚು ಸರಿಯುತ್ತದೆ. ಇಂಗ್ಲಿಷರು ಆ ಗೀಟನ್ನು ಮಿನಿಟ್ ಅನ್ನುತ್ತಾರೆ. ನನಗೆ ಗಡಿಯಾರ ನೆನಪಾಗಿ ಎಡಬಲ ತಪ್ಪುತ್ತಿತ್ತು. ಅದಕ್ಕೆ ನಾವು ಕಾಳು ಅಂದೆವು. ಎರಡು ಕಾಳು ಎಡಕ್ಕೆ, ಒಂದು ಕಾಳು ಬಲಕ್ಕೆ. ಅಕ್ಕನ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳಗಳಿದ್ದುದರಿಂದ ನಾನು ಇದನ್ನೆಲ್ಲ ಹೊಲದಲ್ಲಿ ಎತ್ತುಗಳನ್ನು ಗದರುವ ದನಿಯಲ್ಲೇ ಕೂಗಬೇಕಿತ್ತು. ಪಕ್ಕದಲ್ಲಿ ಹೊಡೆಯುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮತ್ತು ಅವರ ಮಗಳು, ಇದೇನೋ ಗುಪ್ತ ಸಂಕೇತ ಎಂದು ಆರ್ಥರರಿಗೆ ದೂರು ಕೊಟ್ಟರು. ಆರ್ಥರ್ ವಿಚಾರಣೆ ಮಾಡಿ ತೀರ್ಪು ಹೇಳಿದರು: "ಸಂಕೇತವಲ್ಲ. ದವಸದ ಹೆಸರು. ಇವರ ಮನೆಯಲ್ಲಿ ಯಾವಾಗಲೂ ಊಟದ ಮಾತೇ."

ಅಷ್ಟರ ಮಟ್ಟಿಗೆ ಅವರಂದದ್ದು ಸರಿ. ಅಕ್ಕ ಪ್ರತಿ ಶನಿವಾರ ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ರಂಜಕ ಕಟ್ಟಿಕೊಂಡು ಬರುತ್ತಿದ್ದಳು. ಕಟ್ಟಪ್ಪಣೆ ಒಂದೇ: ಕೊನೆಯ ಗುಂಡು ಮುಗಿಯುವ ತನಕ ಡಬ್ಬಿಗೆ ಕೈ ಹಾಕಕೂಡದು.

ಜುಲೈಯಲ್ಲಿ ಒಂದು ದಿನ, ಕಾರಿನಲ್ಲಿ ಮನೆಗೆ ಬರುವಾಗ ಕೇಳಿದೆ. "ಅಕ್ಕಾ, ಮಂದಿ ಶನಿವಾರ ಅಂಗಡಿಗೆ ಹೋಗತಾರ, ಸಿನಿಮಾಕ್ಕ ಹೋಗತಾರ. ನೀ ಯಾಕ ಇಲ್ಲಿ ಮಣ್ಣಾಗ ಮಲಗತಿ?"

ಅವಳು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಳು. ಆಮೇಲೆ ಸ್ಟೀರಿಂಗಿನಿಂದ ಬಲಗೈ ತೆಗೆದು ನನ್ನ ಮುಂದೆ ಹಿಡಿದಳು. "ನೋಡು. ನಡಗತೈತೇನು?"

"ಇಲ್ಲ."

"ಅವ್ವಗ ನಲವತ್ತೈದಕ್ಕ ಶುರು ಆತು. ನೀ ಸಣ್ಣಾಂವಿದ್ದಿ. ಮದಲ ಬಟ್ಟಲಾಗಿನ ಚಾ ಅಲಗ್ಯಾಡತಿತ್ತು, ಅಷ್ಟs. ನಾಕು ವರ್ಷಕ್ಕ ತನ್ನ ತುತ್ತು ತಾ ಉಣ್ಣಾಕ ಆಗಲಿಲ್ಲ. ನನಗೀಗ ನಲವತ್ನಾಕು. ಕೈ ನಡಗಿದ್ರ ಥಿಯೇಟರಿನಾಗ ನನ್ನ ಒಂದು ದಿನಾನೂ ಇಟ್ಕೊಳ್ಳೂದಿಲ್ಲ, ಇಟ್ಕೊಳ್ಳಲೂ ಬಾರದು." ದೀಪ ಹಸಿರಾಯಿತು. "ಡಾಕ್ಟರ ಕಡೆ ಹೋಗಾಕ ಅಂಜಿಕಿ. ಆ ಹಾಳಿ ಮ್ಯಾಲ ಗುಂಡೆಲ್ಲಾ ಒಂದs ಕಡೆ ಬಿದ್ರ, ಮುಂದಿನ ಶನಿವಾರದ ತನಕ ನಿದ್ದಿ ಬರತೈತಿ."

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ಮಾಡಿದೆ. ಗೊತ್ತಿಲ್ಲದೆ ಮಾಡಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ.

ಆಗಸ್ಟಿನಲ್ಲಿ ಜೋಡಿಗಳ ಸ್ಪರ್ಧೆ. ಗೆದ್ದವರಿಗೆ ಕ್ಲಬ್ಬಿನ ಹೆಸರಿನಲ್ಲಿ ದೊಡ್ಡ ಪಂದ್ಯಕ್ಕೆ ಹೋಗುವ ಜಾಗ. ಹತ್ತು ಗುಂಡು, ಐವತ್ತು ಅಂಕ. ಬ್ಯಾಂಕಿನವರೂ ಅವರ ಮಗಳೂ ನಲವತ್ತೊಂಬತ್ತು ಮಾಡಿ, ಕುರ್ಚಿ ಹಾಕಿಕೊಂಡು ನಮ್ಮನ್ನು ನೋಡುತ್ತ ಕೂತಿದ್ದರು. ನನಗೆ ಬೆಳಗಿನ ನಾಲ್ಕರ ಪಾಳಿ ಮುಗಿದು ನೇರ ಅಲ್ಲಿಗೆ ಬಂದ ಹಸಿವು. ಬಿಸಿಲು ಚೆನ್ನಾಗಿತ್ತು, ಎಡಗಾಳಿ ಹದವಾಗಿತ್ತು, ಕುದುರೆ ಬಲಕ್ಕೆ ಒಂದೇ ಓಟ ಓಡುತ್ತಿತ್ತು. ನಾನು ಕೂಗಿದೆ, ಅಕ್ಕ ಹೊಡೆದಳು. ನಾಲ್ಕು ಕಾಳು ಎಡಕ್ಕೆ, ಐದು. ಮೂರು ಕಾಳು, ಐದು. ಮತ್ತೆ ನಾಲ್ಕು, ಐದು. ಒಂಬತ್ತು ಗುಂಡು, ಒಂಬತ್ತು ಐದು. ಬ್ಯಾಂಕಿನವರು ಕುರ್ಚಿಯಿಂದ ಎದ್ದು ನಿಂತರು.

ಆಗ, ಅಂಕ ತೋರಿಸಿ ಮತ್ತೆ ಕೆಳಗಿಳಿದ ನಮ್ಮ ಹಲಗೆ ಮೇಲೆ ಬರಲಿಲ್ಲ. ಕಾಗದ ಹರಿದಿದೆ, ಅಂಟಿಸುತ್ತಿದ್ದಾರೆ, ಐದು ನಿಮಿಷ ಅಂದರು. ಅಕ್ಕ ಕೆನ್ನೆ ತೆಗೆಯದೆ ಹಾಗೇ ಮಲಗಿದ್ದಳು. ನನ್ನ ಮೊಣಕಾಲಿನ ಪಕ್ಕ ಡಬ್ಬಿ. ಬಿಸಿಲಿಗೆ ಕಾದು ಅದರ ಮುಚ್ಚಳ ಒಂದೆಳೆ ಎದ್ದಿತ್ತು. ಬೆಳ್ಳುಳ್ಳಿಯ ವಾಸನೆ ಹೊರಗೆ ಬಂದು ನನ್ನ ಹೆಸರು ಹಿಡಿದು ಕರೆಯಿತು.

ಒಂದೇ ಚೂರು, ಅಂದುಕೊಂಡೆ. ರೊಟ್ಟಿ ಮುರಿದು ರಂಜಕದಲ್ಲಿ ಅದ್ದಿ ಬಾಯಿಗಿಟ್ಟೆ. ಬೆರಳಿಗೆ ಹತ್ತಿದ್ದನ್ನು ನೆಕ್ಕಿದೆ. ನೆಕ್ಕಿದರೆ ಕೈ ಚೊಕ್ಕವಾಯಿತೆಂದು ನಂಬಿದೆ. ಅಷ್ಟರಲ್ಲಿ ಹಲಗೆ ಮೇಲೆದ್ದಿತು. ದುರ್ಬೀನಿಗೆ ಕಣ್ಣಿಡುವ ಮೊದಲು ಬೆವರು ಒರೆಸಿಕೊಳ್ಳುವುದು ನನ್ನ ಅಭ್ಯಾಸ. ಬಲಗಣ್ಣನ್ನು ಬೆರಳಿನಿಂದ ಚೆನ್ನಾಗಿ, ಮೂಲೆ ಮೂಲೆ ಬಿಡದೆ ಒರೆಸಿಕೊಂಡೆ.

ಆಮೇಲಿನದನ್ನು ಹೇಗೆ ಬರೆಯಲಿ? ಕಣ್ಣಿನಲ್ಲಿ ಕೆಂಡದ ಒಲೆ. ಒಂದು ಕಣ್ಣು ಉರಿದರೆ ಇನ್ನೊಂದೂ ಮರ್ಯಾದೆಗೆ ಮುಚ್ಚಿಕೊಳ್ಳುತ್ತದೆ ಎಂದು ಅವತ್ತೇ ತಿಳಿದದ್ದು. ಬಾವುಟವಿಲ್ಲ, ಹಲಗೆಯಿಲ್ಲ, ಕುದುರೆಯಿಲ್ಲ, ಕೆಂಪು ನೀರು ಬಿಟ್ಟರೆ ಏನೂ ಇಲ್ಲ.

"ಬಸ್ಯಾ, ಗಾಳಿ?"

ಹಲಗೆ ಎದ್ದ ಮೇಲೆ ಹೊಡೆಯಲು ಮುಕ್ಕಾಲು ನಿಮಿಷ ಇರುತ್ತದೆ. 'ತಡಿ, ನೀನs ಬಾವುಟ ನೋಡು' ಅಂದಿದ್ದರೆ ಮುಗಿದಿತ್ತು. ಆದರೆ ಯಾಕೆ ಅಂತ ಕೇಳಿದರೆ? ಮೂವತ್ಮೂರು ವರ್ಷದ ಗಂಡಸು, ಡಬ್ಬಿಗೆ ಕೈ ಹಾಕಿದೆ ಎಂದು ಇಷ್ಟು ಜನರ ಮುಂದೆ ಹೇಳಬೇಕೆ? ಐದು ನಿಮಿಷದ ಹಿಂದೆ ಇದ್ದ ಗಾಳಿ ಈಗ ಎಲ್ಲಿಗೆ ಹೋಗುತ್ತದೆ?

"ನಾಕು ಕಾಳು ಎಡಕ್ಕ!" ಎಂದು ಕೂಗಿದೆ. "ಹಂಗs ಐತಿ. ಹೊಡಿ!"

ಗುಂಡು ಹೋಯಿತು. ಎಡಗಣ್ಣನ್ನು ಬೆರಳಿನಿಂದ ಕಿತ್ತು ತೆರೆದು ನೋಡಿದೆ. ಬಾವುಟಗಳೆಲ್ಲ ಒಗೆದು ಒಣಹಾಕಿದ ಧೋತರದ ಹಾಗೆ ಕಂಬಕ್ಕೆ ಜೋತುಬಿದ್ದಿದ್ದವು. ಗಾಳಿ ಸತ್ತಿತ್ತು. ನನ್ನ ನಾಲ್ಕು ಕಾಳು ಗುಂಡನ್ನು ಎರಡಡಿ ಎಡಕ್ಕೆ ಒಯ್ದಿತ್ತು. ಮೂರು ಅಂಕ. ಒಟ್ಟು ನಲವತ್ತೆಂಟು.

ಅಕ್ಕ ಕಿವಿಯ ಮುಚ್ಚಳ ತೆಗೆದು ಎದ್ದು ಕೂರುವಷ್ಟರಲ್ಲಿ ಆ ಕೆಟ್ಟ ಗಾಳಿ ಮತ್ತೆ ಬೀಸಿ ಬಾವುಟಗಳನ್ನೆಲ್ಲ ಎತ್ತಿ ನಿಲ್ಲಿಸಿತು. ಅವಳು ಬಾವುಟ ನೋಡಿದಳು.

"ಗಾಳಿ ಬಿದ್ದಿತ್ತೇನು?"

"ಇಲ್ಲಕ್ಕಾ. ಹಂಗs ಇತ್ತು."

ಅವಳು ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. "ಹಂಗಾದ್ರ ನನ್ನ ಕೈ" ಅಂದಳು.

ಆಗ ಹೇಳಬೇಕಿತ್ತು. ಆದರೆ ನನ್ನ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಮೂಗೂ ಜೊತೆಗೂಡಿತ್ತು. ಆರ್ಥರ್ ಓಡಿಬಂದು ನನ್ನನ್ನು ತಬ್ಬಿಕೊಂಡರು. "ಎಂಥ ತಮ್ಮ! ಎಂಥ ತಮ್ಮ!" ಬ್ಯಾಂಕಿನವರ ಮಗಳು ಕರವಸ್ತ್ರ ಕೊಟ್ಟಳು. ಕೊನೆಗೆ ಅಕ್ಕನೇ ನನ್ನ ತಲೆ ನೇವರಿಸಿ, "ಅಳಬ್ಯಾಡಲೇ ಹುಚ್ಚಾ, ನಿಂದೇನೂ ತಪ್ಪಿಲ್ಲ" ಅಂದಳು. ಖಾರ ಇಳಿದ ಮೇಲೂ ನಾನು ಸ್ವಲ್ಪ ಹೊತ್ತು ಅತ್ತೆ. ಅದು ನಿಜವಾದ ಅಳು. ನೋಡಲು ಎರಡೂ ಒಂದೇ ಥರ ಇದ್ದವು.

ಆಮೇಲೆ ಅವಳು ರೈಫಲ್ ಮಾರಿದಳು. ದೀಪಾವಳಿಯ ಹೊತ್ತಿಗೆ ಥಿಯೇಟರ್ ಬಿಟ್ಟು, ಹೊರರೋಗಿಗಳ ವಿಭಾಗದಲ್ಲಿ ಹೆಸರು ಕೂಗಿ ಕರೆಯುವ ಕೆಲಸ ಕೇಳಿ ತೆಗೆದುಕೊಂಡಳು. ಹೊಸ ಸಾವಿರ ಶುರುವಾಯಿತು, ಒಂದು ವಿಮಾನವೂ ಬೀಳಲಿಲ್ಲ. ಭಾವ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಏನೋ ಗೊತ್ತಾಗ್ತಿಲ್ಲ ಬಸವರಾಜು, ಕಾಫಿ ಲೋಟಾನ ಎರಡೂ ಕೈಲಿ ಹಿಡ್ಕೋತಾಳೆ. ಕೇಳಿದ್ರೆ ಚಳಿ ಅಂತಾಳೆ" ಅಂದರು. ನಾನು, "ಚಳಿ ಇದ್ದರೂ ಇರಬಹುದು ಭಾವ" ಅಂದೆ. ಜೂನ್ ತಿಂಗಳು ಅದು, ಇಲ್ಲಿ ಬೇಸಿಗೆ.

ಹೇಳಲು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಒಂದು ಯುಗಾದಿಗೆ, ಹತ್ತು ಮನೆಯವರು ಸೇರಿದ್ದಲ್ಲಿ, ಹೋಳಿಗೆ ತಿನ್ನುತ್ತಿದ್ದ ಅಕ್ಕನ ಪಕ್ಕ ಹೋಗಿ ಕೂತೆ. ಬಾಯಿ ತೆರೆಯುವಷ್ಟರಲ್ಲಿ ಭಾವ ಎಲ್ಲರಿಗೂ ನನ್ನ ಪರಿಚಯ ಮಾಡಿಸಿದರು: ಅಕ್ಕ ಸೋತಳೆಂದು ಮೈದಾನದಲ್ಲೇ ಗೊಳೋ ಎಂದು ಅತ್ತ ತಮ್ಮ. ಇಬ್ಬರು ಹೆಂಗಸರು ತಮ್ಮ ತಮ್ಮಂದಿರನ್ನು ಶಪಿಸಿದರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮುಖ ನೋಡಿ ಹೇಳಲು ಆಗದು, ಫೋನಿನ ಮಾತು ಹಿಡಿದಿಡುವ ಯಂತ್ರಕ್ಕೆ ಹೇಳೋಣ ಎಂದು ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಫೋನ್ ಮಾಡಿದೆ. "ಅಕ್ಕಾ, ನಾ ಬಸ್ಯಾ. ಬಾಳ ದಿನದಿಂದ ಹೇಳಬೇಕಂತ ಮಾಡೀನಿ. ಸಿಟ್ಟಾಗಬ್ಯಾಡ. ನನ್ನ ಬಲಗಣ್ಣಿನಾಗ..." ಇಷ್ಟಕ್ಕೆ ಟೇಪು ಮುಗಿದು ಕುಂಯ್ ಅಂದಿತು. ಸಂಜೆ ಅಕ್ಕ ಗಾಬರಿಯಿಂದ ಫೋನ್ ಮಾಡಿದಳು. "ಕಣ್ಣಿಗೇನಾಗೇತಿ? ಎಷ್ಟು ದಿನಾ ಆತು? ಯಾಕ ಮುಚ್ಚಿಟ್ಟಿ?" ಮರುದಿನವೇ ರಜೆ ಹಾಕಿ ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋದಳು. ಅಂದಿನಿಂದ ನಾನು ಅಷ್ಟಾಗಿ ಬೇಕಿಲ್ಲದ ಒಂದು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದೇನೆ. ಚೌಕಟ್ಟು ಅವಳೇ ಆರಿಸಿದ್ದು. ಹೀಗೆ ಎಂಟು ವರ್ಷ.

ಕಳೆದ ತಿಂಗಳು ಆ ಚೀಲ ಹಿಡಿದು ಶೆಡ್ಡಿನಿಂದ ಹೊರಗೆ ಬಂದಾಗ, ಆರ್ಥರ್ ಆಗಲೇ ಹುಲ್ಲಿನ ಮೇಲೆ ಚಾಪೆ ಹಾಸಿ ತಮ್ಮ ರೈಫಲ್ ಇಟ್ಟಿದ್ದರು. "ಬಂದಿದ್ದೀಯ, ಒಂದೈದು ಗುಂಡು ಹೊಡೆದು ಹೋಗು ಗಿರಿಜಾ. ನನಗೂ ಎಂಬತ್ತಾಗುತ್ತ ಬಂತು." ಅಕ್ಕ ಬೇಡವೆಂದಳು. ಆದರೆ ಆ ಮುದುಕ ಮೊಣಕಾಲೂರಿ ಚಾಪೆಯ ಮಡಿಕೆ ಬಿಡಿಸುತ್ತಿದ್ದರು. ಅದನ್ನು ನೋಡಿ ಕೋಟು ಬಿಚ್ಚಿ ಮಲಗಿದಳು. ಭಾವ ಕಾರಿನೊಳಗೆ ಕೂತು ಕಿಟಕಿ ಗಾಜು ಏರಿಸಿ ಪೇಪರ್ ಹಿಡಿದರು.

ನಾನು ಪಕ್ಕದಲ್ಲಿ ಕೂತು ದುರ್ಬೀನು ನಿಲ್ಲಿಸಿದೆ. ಕನ್ನಡಕ ತೆಗೆದೆ. ಕಲೆಯಿದ್ದ ರಬ್ಬರಿಗೆ ಕಣ್ಣಿಟ್ಟೆ. ಕುದುರೆ ಬಲಕ್ಕೆ ಓಡುತ್ತಿತ್ತು, ಎಂಟು ವರ್ಷದಲ್ಲಿ ಅದಕ್ಕೇನೂ ವಯಸ್ಸಾಗಿರಲಿಲ್ಲ.

"ಎರಡು ಕಾಳು ಎಡಕ್ಕ!" ಕೂಗಿದೆ. "ಹೊಡಿ!"

ಗುಂಡು ಹೋಗಲಿಲ್ಲ. ಅರ್ಧ ನಿಮಿಷ ಆಯಿತು. ಒಂದು ನಿಮಿಷ ಆಯಿತು. ದುರ್ಬೀನಿನಿಂದ ಕಣ್ಣು ತೆಗೆದು ಅಕ್ಕನನ್ನು ನೋಡಿದೆ. ಟ್ರಿಗರಿನ ಮೇಲೆ ಬೆರಳಿಟ್ಟು ಹಾಗೇ ಮಲಗಿದ್ದಳು. ಬೆರಳು ಕಲ್ಲಿನ ಹಾಗೆ ಅಲುಗದೆ ಇತ್ತು.

"ಆಗೂದಿಲ್ಲ ಬಸ್ಯಾ" ಅಂದಳು, ಕೆನ್ನೆ ತೆಗೆಯದೆ. "ಎಳದ್ರ ಮತ್ತ ಗೊತ್ತಾಗಿಬಿಡತೈತಿ. ಬ್ಯಾಡ. ಮನಿಗೆ ಹೋಗೂಣು."

ನಾನು ಅವಳ ಕಡೆ ಬಗ್ಗಿ, "ಅಕ್ಕಾ, ಅದು ನಿನ್ನ ಕೈ ಅಲ್ಲ" ಅಂದೆ.

ಕಿವಿಯ ಮೇಲೆ ಮುಚ್ಚಳ. ಅವಳಿಗೆ ಕೇಳಲಿಲ್ಲ. "ಏನು? ಎಷ್ಟು ಕಾಳು?"

"ಅವತ್ತು ಗಾಳಿ ಬಿದ್ದಿತ್ತು."

"ಜ್ವಾರಾಗಿ ಒದರಲೇ, ಕೇಳೂದಿಲ್ಲ!"

ಸಾಲಿನಲ್ಲಿ ಏಳೆಂಟು ಜನ ಮಲಗಿದ್ದರು. ಹಿಂದೆ ಆರ್ಥರ್ ನಿಂತಿದ್ದರು. ನಾನು ಎದ್ದು ನಿಂತೆ. ಕಣದಲ್ಲಿ ಮೆಟ್ಟಿನ ಮೇಲೆ ನಿಂತಂತೆ ಕಾಲಗಲಿಸಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಸಾಲಿನವರೆಲ್ಲ ರೈಫಲ್ಲಿನಿಂದ ತಲೆಯೆತ್ತಿ ನೋಡುವಷ್ಟು, ಕಾರಿನೊಳಗೆ ಭಾವ ಪೇಪರ್ ಕೆಳಗಿಡುವಷ್ಟು ಗಟ್ಟಿಯಾಗಿ ಕೂಗಿದೆ:

"ತಪ್ಪಾತಕ್ಕಾ! ಗಾಳಿ ಸತ್ತಿತ್ತು, ನಾ ನೋಡಲಿಲ್ಲ! ಡಬ್ಬಿಗೆ ಕೈ ಹಾಕಿದ್ದೆ! ನನ್ನ ಕಣ್ಣಾಗ ಖಾರ ಇತ್ತು, ನಿನ್ನ ಕೈಯಾಗ ಏನೂ ಇದ್ದಿದ್ದಿಲ್ಲ! ತಪ್ಪಾತು!"